"ಬ್ಯಾಟ್ರಿ ಕಾಯಾಕತ್ತೈತ್ರಿ": ನಮ್ಮ ಸೆಕ್ಯುರಿಟಿ ಕ್ಯಾಬಿನ್ನಿನ ಟಾರ್ಚ್ ಪ್ರಕರಣ

ಮೊದ್ಲು ಒಂದು ಪದದ ವಿಷಯ ಹೇಳ್ಬೇಕು, ಯಾಕಂದ್ರೆ ಈ ಇಡೀ ಕೇಸು ಶುರುವಾಗಿದ್ದೇ ಅಲ್ಲಿಂದ. ಊರ ಕಡೆ ಟಾರ್ಚಿಗೆ ಬ್ಯಾಟ್ರಿ ಅಂತಾನೇ ಅನ್ನೋದು, ಅದರೊಳಗೆ ಹಾಕೋದಕ್ಕೆ ಸೆಲ್ಲು ಅಥವಾ ಶೆಲ್ಲು. "ಕತ್ಲಾಗಿದೆ, ಬ್ಯಾಟ್ರಿ ತಗೊಂಡು ಹೋಗು" ಅಂದ್ರೆ ಟಾರ್ಚ್ ತಗೊಂಡು ಹೋಗು ಅಂತ ಅರ್ಥ. ಬೆಂಗಳೂರಲ್ಲಿ ಇಪ್ಪತ್ತು ವರ್ಷ ಇದ್ದು ನನಗೆ ಅದು ಮರ್ತೇ ಹೋಗಿತ್ತು.

ಉತ್ತರಹಳ್ಳಿ ಕಡೆ ನಮ್ದು 36 ಮನೆ ಇರೋ ಸಣ್ಣ ಅಪಾರ್ಟ್‌ಮೆಂಟು. ರಾತ್ರಿ ಸೆಕ್ಯುರಿಟಿಗೆ ಬರೋರು ಬಾಗಲಕೋಟೆ ಕಡೆಯವರು, ವಯಸ್ಸು ಅರವತ್ತರ ಹತ್ರ, ನಾವೆಲ್ಲಾ ಕಾಕಾ ಅಂತಾನೇ ಕರೆಯೋದು. ಮಾರ್ಚ್ ಕೊನೇಲಿ ಒಂದಿನ ಆಫೀಸಿಂದ ಬರ್ತಿದ್ದಂಗೆ ಗೇಟ್ ಹತ್ರ ನಿಲ್ಲಿಸಿ ಹೇಳಿದ್ರು, "ಸರ, ಈ ಬ್ಯಾಟ್ರಿ ಭಾಳ ಕಾಯಾಕತ್ತೈತ್ರಿ, ಒಂದೀಟು ನೋಡ್ರಿ." ನಾನು ಎಲೆಕ್ಟ್ರಾನಿಕ್ಸ್ ಓದಿದವನು, ಮನೇಲಿ ಸೋಲ್ಡರಿಂಗ್ ಐರನ್ ಇಟ್ಕೊಂಡಿರೋನು, ಅದಕ್ಕೇ ನನ್ನನ್ನ ಕೇಳಿದ್ದು. ನಾನು ಏನಂದೆ? "ಎಲ್‌ಇಡಿ ಟಾರ್ಚು ಕಾಕಾ, ಮುಂದಿನ ತಲೆ ಬಿಸಿ ಆಗೇ ಆಗುತ್ತೆ, ಅದು ನಾರ್ಮಲ್ಲು" ಅಂದ್ಬಿಟ್ಟು ಲಿಫ್ಟ್ ಹತ್ತಿದೆ. ಎಲ್ಲಿ ಬಿಸಿ ಆಗ್ತಿದೆ, ಯಾವಾಗ ಬಿಸಿ ಆಗ್ತಿದೆ ಅಂತ ಎರಡು ಪ್ರಶ್ನೆ ಕೇಳಿದ್ರೆ ಸಾಕಿತ್ತು. ಕೇಳ್ಲಿಲ್ಲ.

ಮೂರು ವಾರ ಆಯ್ತು. ಏಪ್ರಿಲ್ ಸೆಕೆ, ಕ್ಯಾಬಿನ್ನಿಗೆ ಮೇಲೆ ಬರೀ ಶೀಟು, ರಾತ್ರಿ ಹತ್ತಾದ್ರೂ ಒಳಗೆ ಕೂತ್ಕೊಳಕ್ಕೆ ಆಗಲ್ಲ. 11:40ಕ್ಕೆ ಫೋನ್ ಬಂತು, "ಸರ, ಲಗೂ ಕೆಳಗ ಬರ್ರಿ, ಬ್ಯಾಟ್ರಿ ಹೊಗಿ ಬಿಡಾಕತ್ತೈತಿ." ನಾನು ಲಿಫ್ಟಿಗೆ ಕಾಯದೇ ಮೆಟ್ಟಿಲು ಇಳಿದು ಓಡಿದೆ. ಕಾಕಾ ಅಷ್ಟೊತ್ತಿಗೆ ಗೋಡೆ ಸ್ವಿಚ್ ಆಫ್ ಮಾಡಿ, ಚಾರ್ಜರ್ ಪಿನ್ ಕಿತ್ತು, ಟಾರ್ಚನ್ನ ದಪ್ಪ ಟವೆಲಲ್ಲಿ ಹಿಡಿದು ತಂದು ಸಂಪ್ ಪಕ್ಕದ ಸಿಮೆಂಟ್ ನೆಲದ ಮೇಲೆ ಎಸೆದಿದ್ರು. ಬಾಲದ ಕಡೆ ಇರೋ ರಬ್ಬರ್ ಬಟನ್ನು ಕಿತ್ಕೊಂಡು ಆಚೆ ಬಂದಿತ್ತು, ಆ ತೂತಿಂದ ಸುಂಯ್ ಅಂತ ಬಿಳೀ ಹೊಗೆ, ಜೊತೆಗೆ ನೇಲ್ ಪಾಲಿಶ್ ತೆಗೆಯೋ ದ್ರಾವಣದ ಥರ ಸಿಹಿ ಸಿಹಿ ಘಾಟು. ಕುಕ್ಕರ್ ವಿಶಲ್ ಕೂಗೋಕೆ ಮುಂಚೆ ಒಂದು ಸದ್ದು ಬರುತ್ತಲ್ಲ, ಹಂಗಿತ್ತು ಸದ್ದು.

ಅವರನ್ನ ದೂರ ನಿಲ್ಲಿಸಿ, ಗಾರ್ಡನ್ ಪೈಪ್ ಎಳ್ಕೊಂಡು ಬಂದು, ಗಾಳಿ ಬೀಸೋ ಕಡೆಗೆ ಬೆನ್ನು ಮಾಡಿ ನಿಂತು, ಇಪ್ಪತ್ತು ನಿಮಿಷ ನೀರು ಬಿಟ್ಟೆ. ಮೊದಲ ಒಂದೆರಡು ನಿಮಿಷ ನೀರು ಬಿದ್ದ ಕಡೆ ಚುಂಯ್ ಅಂತ ಆವಿ ಏಳ್ತಿತ್ತು. ಮೇಲಿಂದ ಯಾರೋ "ಲಿಥಿಯಂಗೆ ನೀರು ಹಾಕ್ಬೇಡಿ ಸಾರ್" ಅಂತ ಕೂಗಿದ್ರು. ಈ ಮಾತು ಎಲ್ಲಾ ಕಡೆ ಕೇಳ್ತೀವಿ, ಅದು ಲೋಹ ರೂಪದ ಲಿಥಿಯಮ್ಮಿಗೆ ಸರಿ. ಚಾರ್ಜ್ ಮಾಡೋ ಲಿಥಿಯಂ ಅಯಾನ್ ಸೆಲ್ಲಲ್ಲಿ ಲಿಥಿಯಂ ಲೋಹದ ತಗಡು ಇರಲ್ಲ, ಒಂದೆರಡು ಸಣ್ಣ ಸೆಲ್ ಆದ್ರೆ ಕರೆಂಟ್ ತೆಗೆದಿದ್ರೆ ಸಾಕು, ಧಾರಾಳವಾಗಿ ನೀರು ಹಾಕ್ಬಹುದು, ಹಾಕ್ಲೇಬೇಕು. ನೀರಿನ ಕೆಲಸ ಬೆಂಕಿ ಆರಿಸೋದಕ್ಕಿಂತ ಬಿಸಿ ಎಳ್ಕೊಳೋದು. ಮರಳು ಮುಚ್ಚಿದ್ರೆ ಬೆಂಕಿ ಕಾಣ್ದೇ ಹೋಗಬಹುದು, ಬಿಸಿ ಒಳಗೇ ಕೂತಿರುತ್ತೆ. ಆದ್ರೆ ಆ ಹೊಗೆ ಮಾತ್ರ ಕುಡೀಬಾರ್ದು, ಅದರಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತೆ, ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು.

ಕಾಕಾನ ಬಲಗೈ ಎರಡು ಬೆರಳಿಗೆ ಬೊಬ್ಬೆ ಬಂದಿತ್ತು. ಅದನ್ನ ತಣ್ಣೀರಲ್ಲಿ ಹಿಡಿದು ಕೂತಾಗ ನಿಧಾನಕ್ಕೆ ಮಾತು ಬಿಚ್ಚಿದ್ರು. "ನಾ ಆಗಳೇ ಹೇಳಿದ್ನೆಲ್ರಿ ಸರ. ಮುಂದ ಅಲ್ರಿ, ನಡಕ ಕಾಯ್ತಿತ್ತು. ಹಚ್ಚಿದಾಗ ಅಲ್ಲ, ಚಾರ್ಜಿಗೆ ಇಟ್ಟಾಗ." ಅವರು ದೂರಿನ ಧಾಟೀಲಿ ಹೇಳ್ಲಿಲ್ಲ, ನನಗೆ ಮಾತ್ರ ಆ ಎರಡು ವಾಕ್ಯ ಇವತ್ತಿಗೂ ಕಿವೀಲಿದೆ. ಟಾರ್ಚ್ ಹಚ್ಚಿದಾಗ ತಲೆ ಬಿಸಿ ಆದ್ರೆ ಅದು ಎಲ್‌ಇಡಿ ಬಿಸಿ, ಅಲ್ಯುಮಿನಿಯಂ ಮೈಗೆ ಹರಡಿ ಹೋಗುತ್ತೆ, ಅದಕ್ಕೆ ಅಂತಾನೇ ತಲೆ ಹತ್ರ ಗೆರೆ ಗೆರೆ ಕೊರೆದಿರ್ತಾರೆ. ನಡು ಬಿಸಿ ಆದ್ರೆ, ಅದೂ ಸುಮ್ನೆ ಚಾರ್ಜಲ್ಲಿ ಮಲಗಿರೋವಾಗ, ಅದು ಸೆಲ್ಲಿನ ಬಿಸಿ. ಅವರು ಸರಿಯಾಗೇ ಗಮನಿಸಿ ಹೇಳಿದ್ರು, ನಾನು ಅದನ್ನ ಬೇರೆ ಏನೋ ಅಂದ್ಕೊಂಡು ಕೇಳಿಸ್ಕೊಂಡೆ.

ಮಾರನೇ ದಿನ ಸಂಜೆ ತನಕ ಬಕೆಟ್ ನೀರಲ್ಲೇ ಇಟ್ಟು, ಆಮೇಲೆ ಟೆರೇಸಿಗೆ ತಗೊಂಡು ಹೋಗಿ, ಗ್ಲೌಸು ಕನ್ನಡಕ ಹಾಕ್ಕೊಂಡು ಟಾರ್ಚ್ ಬಿಚ್ಚಿದೆ. ಸೆಲ್ಲನ್ನ ಕೊಯ್ಲಿಲ್ಲ, ಅದನ್ನ ಯಾರೂ ಮಾಡಬಾರ್ದು, ಮೇಲಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಸುಲಿದೆ.

ಅದು 18650 ಅನ್ನೋ ಸೈಜಿನ ಸೆಲ್ಲು. 18 ಅಂದ್ರೆ ದಪ್ಪ 18 ಮಿಲಿಮೀಟರ್, 65 ಅಂದ್ರೆ ಉದ್ದ, ಕೊನೇ ಸೊನ್ನೆ ಅಂದ್ರೆ ದುಂಡಗಿದೆ ಅಂತ. ಹಳೇ ಲ್ಯಾಪ್‌ಟಾಪ್ ಬ್ಯಾಟರಿ ಒಡೆದ್ರೆ ಸಿಗೋದೂ ಇದೇ. ನೇರಳೆ ಬಣ್ಣದ ಹೊದಿಕೆ, ಮೇಲೆ ದೊಡ್ಡದಾಗಿ 9800 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಅಂತ ಪ್ರಿಂಟು. ಇದನ್ನ ನೋಡ್ತಿದ್ದಂಗೆ ಅರ್ಧ ಕಥೆ ಗೊತ್ತಾಗುತ್ತೆ, ಯಾಕಂದ್ರೆ ಈ ಸೈಜಲ್ಲಿ ಒಳ್ಳೇ ಕಂಪನಿಗಳ ಸೆಲ್ಲುಗಳೇ 3500 ಆಸುಪಾಸಿಗೆ ನಿಲ್ತವೆ. ಹೊದಿಕೆ ಸುಲಿದಾಗ ಇನ್ನರ್ಧ ಸಿಕ್ತು: ಪ್ಲಸ್ ಟೋಪಿ ಮೇಲೆ ಸೂಜಿ ಚುಚ್ಚಿದಂಗೆ ಎರಡು ಕಪ್ಪು ಚುಕ್ಕಿ, ತಳದಲ್ಲಿ ಕಿತ್ತು ಉಳಿದ ನಿಕ್ಕಲ್ ಪಟ್ಟಿಯ ಒಂದು ಚೂರು, ಉಗುರಿನ ತುದಿಯಷ್ಟು. ಅದು ಸ್ಪಾಟ್ ವೆಲ್ಡಿಂಗ್ ಗುರುತು, ಪ್ಯಾಕಲ್ಲಿ ಸೆಲ್ಲುಗಳನ್ನ ಪಟ್ಟಿಗೆ ಹಂಗೇ ಬೆಸೆಯೋದು. ಅಂದ್ರೆ ಯಾವುದೋ ಹಳೇ ಪ್ಯಾಕಿಂದ ಕಿತ್ತು, ಹೊಸ ಬಟ್ಟೆ ತೊಡಿಸಿ ಮಾರಿದ ಸೆಲ್ಲು. ಟಾರ್ಚ್ 2019ರದ್ದು, ಜೊತೇಲಿ ಬಂದ ಸೆಲ್ ಸತ್ತಾಗ 2022ರಲ್ಲಿ ಆಗಿನ ಸೂಪರ್‌ವೈಸರ್ ಎಸ್‌ಪಿ ರೋಡ್ ಕಡೆ ಎಲ್ಲೋ ಒಂದು ಅಂಗಡೀಲಿ 150 ರೂಪಾಯಿಗೆ ಹಾಕಿಸ್ಕೊಂಡು ಬಂದಿದ್ರಂತೆ. ನಮ್ಮ ಕೈಗೆ ಬರೋ ಮೊದ್ಲು ಅದು ಇನ್ಯಾವುದೋ ಲ್ಯಾಪ್‌ಟಾಪಲ್ಲಿ ಎಷ್ಟು ವರ್ಷ ದುಡಿದಿತ್ತೋ.

ಮಲ್ಟಿಮೀಟರ್ ಇಟ್ಟೆ. 0.00 ವೋಲ್ಟ್. ಇಲ್ಲಿ ಒಂದು ಅಪಾಯ ಇದೆ. ಸೊನ್ನೆ ತೋರ್ಸಿದ್ರೆ ಸೆಲ್ ಸತ್ತಿದೆ ಅಂತ ಅರ್ಥ ಅಲ್ಲ. ಇಂಥ ಸೆಲ್ಲಿನ ಪ್ಲಸ್ ಟೋಪಿ ಕೆಳಗೆ ಒಂದು ತೆಳ್ಳನೆ ತಟ್ಟೆ ಇರುತ್ತೆ, ಒಳಗೆ ಗ್ಯಾಸ್ ಒತ್ತಡ ಏರಿದ್ರೆ ಅದು ಮೇಲಕ್ಕೆ ಉಬ್ಬಿ ಕನೆಕ್ಷನ್ ಕತ್ತರಿಸಿ ಬಿಡುತ್ತೆ, ಇನ್ನೂ ಒತ್ತಡ ಏರಿದ್ರೆ ಬಾಯಿ ತೆರೆದು ಗ್ಯಾಸ್ ಆಚೆ ಬಿಡುತ್ತೆ. ನಮ್ದು ಎರಡೂ ಆಗಿತ್ತು. ಕನೆಕ್ಷನ್ ಕತ್ತರಿಸಿದ ಮೇಲೆ ಮೀಟರಿಗೆ ಒಳಗಿಂದು ಕಾಣೋದೇ ಇಲ್ಲ, ಒಳಗೆ ಅರ್ಧ ಚಾರ್ಜ್ ಇನ್ನೂ ಇದ್ರೂ ಇರಬಹುದು. ಹಂಗಾಗಿ ಸೊನ್ನೆ ನೋಡಿ ಧೈರ್ಯವಾಗಿ ಚುಚ್ಚೋದು ಬಡಿಯೋದು ಮಾಡಬಾರ್ದು.

ಚಾರ್ಜರ್ ಮೇಲೆ ಅನುಮಾನ ಇತ್ತು, ಅದಕ್ಕೆ ಟಾರ್ಚಿನ ಬೋರ್ಡ್ ತೆಗೆದು ನೋಡಿದೆ. ಚಾರ್ಜ್ ನೋಡ್ಕೊಳೋ ಎಂಟು ಕಾಲಿನ 4056 ಚಿಪ್ಪು, ಎಲ್ಲಾ ಕಡೆ ಸಿಗೋದೇ. ಬೇರೆ ಒಂದು ಒಳ್ಳೇ ಸೆಲ್ ಹಾಕಿ ನೋಡ್ದೆ, 4.19 ವೋಲ್ಟಿಗೆ ಸರಿಯಾಗಿ ನಿಲ್ತು, ಹಸಿರು ಲೈಟೂ ಬಂತು. ಚಾರ್ಜರ್ ತಪ್ಪಿಲ್ಲ. ಆದ್ರೆ ಪಕ್ಕದಲ್ಲೇ ಬೋರ್ಡಿನ ಮೇಲೆ ಎರಡು ಚಿಪ್ಪಿಗೆ ಅಂತ ಬಿಟ್ಟಿರೋ ಜಾಗ ಖಾಲಿ ಇತ್ತು, ಬೆಳ್ಳಗೆ ಸೀಸದ ಚುಕ್ಕಿಗಳು ಮಾತ್ರ, ಒಂದು ಕಡೆ ಆರು, ಇನ್ನೊಂದು ಕಡೆ ಎಂಟು. ಅಲ್ಲಿ ಕೂರಬೇಕಾಗಿದ್ದು ಪ್ರೊಟೆಕ್ಷನ್ ಚಿಪ್ಪು, ವೋಲ್ಟೇಜ್ 2.4ರ ಹತ್ರ ಇಳಿದ್ರೆ ಸೆಲ್ಲನ್ನ ಕಡಿದು ಹಾಕೋದು ಅದರ ಕೆಲಸ. ತಯಾರಿಸಿದೋರು ಕೆಲವೇ ರೂಪಾಯಿ ಉಳಿಸೋಕೆ ಅದನ್ನ ಹಾಕೇ ಇರ್ಲಿಲ್ಲ. ನನಗೆ ನಿಜವಾಗ್ಲೂ ಸಿಟ್ಟು ಬಂದಿದ್ದು ಆ ಖಾಲಿ ಜಾಗ ನೋಡಿ.

ಇನ್ನು ಯಾವಾಗಿಂದ ಬಿಸಿ ಆಗ್ತಿತ್ತು ಅನ್ನೋದು. ಕಾಕಾನ ಕೂರಿಸ್ಕೊಂಡು ತಿಂಗಳು ತಿಂಗಳು ಲೆಕ್ಕ ಹಾಕಿದ್ವಿ. ಜನವರೀಲಿ ಅವರು ಬಾದಾಮಿ ಬನಶಂಕರಿ ಜಾತ್ರೆಗೆ ಅಂತ ಊರಿಗೆ ಹೋದವರು ಮನೇಲಿ ಹುಷಾರಿಲ್ದೆ ಫೆಬ್ರವರಿ ಕೊನೇ ತನಕ ಅಲ್ಲೇ ಉಳಿದ್ರು. ಬದಲಿಗೆ ಬಂದ ಹುಡುಗ ಮೊಬೈಲ್ ಲೈಟಲ್ಲೇ ಕಾಲ ಹಾಕ್ದ, ಟಾರ್ಚ್ ಡ್ರಾಯರಲ್ಲಿ ಬಿದ್ದಿತ್ತು, ಅದೂ ಸ್ವಿಚ್ ಆನ್ ಆಗಿತ್ತೋ ಆಫ್ ಆಗಿತ್ತೋ ಯಾರಿಗೂ ಗೊತ್ತಿಲ್ಲ. ಕಾಕಾ ವಾಪಸ್ ಬಂದಾಗ ಮಿಣುಕೂ ಇರ್ಲಿಲ್ಲ. "ಪೂರಾ ಸತ್ತ ಹೋಗಿತ್ರಿ, ರಾತ್ರಿಡೀ ಇಟ್ಟ ಮ್ಯಾಲ ಜೀವಾ ಬಂತು" ಅಂದ್ರು. ಅಲ್ಲಿಂದ ಈಚೆಗೆ ಹಸಿರು ಲೈಟ್ ಬಂದೇ ಇಲ್ಲ, ಕೆಂಪೇ. ಹಸಿರು ಬರ್ಲಿ ಅಂತ ಅವರು ಇನ್ನೂ ಜಾಸ್ತಿ ಹೊತ್ತು ಇಡ್ತಾ ಬಂದ್ರು. ಬೆಳಕು ಮೂರು ಗಂಟೆ ಬರ್ತಿದ್ದದ್ದು ಮುಕ್ಕಾಲು ಗಂಟೆಗೆ ಬಂತು.

ಇಷ್ಟು ಗೊತ್ತಾದ ಮೇಲೆ ನನ್ನ ಲೆಕ್ಕ ಹೀಗಿದೆ. ಸೆಲ್ಲಿನ ಮೈನಸ್ ಕಡೆ ಹಾಳೆ ತಾಮ್ರದ್ದು. ಸೆಲ್ ತೀರಾ ಬರಿದಾಗಿ 2 ವೋಲ್ಟಿಗಿಂತ ಕೆಳಗೆ ಇಳಿದು ಹಂಗೇ ದಿನಗಟ್ಟಲೆ ಬಿದ್ದಿದ್ರೆ ಆ ತಾಮ್ರ ಒಳಗಿನ ದ್ರವದಲ್ಲಿ ಕರಗೋಕೆ ಶುರುವಾಗುತ್ತೆ. ಮತ್ತೆ ಚಾರ್ಜಿಗೆ ಹಾಕಿದಾಗ ಕರಗಿದ ತಾಮ್ರ ಎಲ್ಲಿಂದ ಬಂತೋ ಅಲ್ಲೇ ಹೋಗಿ ಕೂರಲ್ಲ, ಸಿಕ್ಕಸಿಕ್ಕ ಕಡೆ ಸಣ್ಣ ಮುಳ್ಳಿನ ಥರ ಬೆಳೆಯುತ್ತೆ. ಪ್ಲಸ್ಸು ಮೈನಸ್ಸು ಮಧ್ಯೆ ಇರೋ ಪ್ಲಾಸ್ಟಿಕ್ ಪರದೆ ಎಷ್ಟು ದಪ್ಪ ಗೊತ್ತಾ, 20 ಮೈಕ್ರಾನ್ ಆಸುಪಾಸು, ತಲೆಗೂದಲಿನ ಮೂರ್ನಾಲ್ಕನೇ ಒಂದು ಭಾಗ. ಆ ಮುಳ್ಳು ಪರದೆ ದಾಟಿದ್ರೆ ಒಳಗೇ ಸಣ್ಣ ಶಾರ್ಟು. ದೊಡ್ಡ ಶಾರ್ಟ್ ಅಲ್ಲ, ಸೋರೋ ನಲ್ಲಿ ಥರ, ತೊಟ್ಟು ತೊಟ್ಟು.

ಹಸಿರು ಲೈಟ್ ಬರ್ದೇ ಇದ್ದದ್ದು ಇದರಿಂದಾನೇ ಅನ್ಸುತ್ತೆ. ಆ 4056 ಚಿಪ್ಪಿಗೆ ಸೆಲ್ ತುಂಬ್ತು ಅಂತ ಗೊತ್ತಾಗೋದು ಹೆಂಗೆ? 4.2 ವೋಲ್ಟ್ ಮುಟ್ಟಿದ ಮೇಲೆ ಸೆಲ್ ಎಳ್ಕೊಳೋ ಕರೆಂಟು ಕಮ್ಮಿ ಆಗ್ತಾ ಆಗ್ತಾ ಮೊದಲಿನ ಹತ್ತನೇ ಒಂದು ಭಾಗಕ್ಕೆ ಬರಬೇಕು, ಅಂದ್ರೆ 1 ಆಂಪಿಯರಿಂದ 100 ಮಿಲಿ ಆಂಪಿಯರಿಗೆ, ಆಗ ಅದು ಚಾರ್ಜ್ ನಿಲ್ಲಿಸಿ ಹಸಿರು ತೋರಿಸುತ್ತೆ. ಒಳಗೇ ಅದಕ್ಕಿಂತ ಜಾಸ್ತಿ ಸೋರ್ತಿದ್ರೆ ಕರೆಂಟ್ ಕೆಳಗೆ ಇಳಿಯೋದೇ ಇಲ್ಲ, ಚಿಪ್ಪು ಪಾಪ ತುಂಬಿಸ್ತಾನೇ ಇರುತ್ತೆ. ಸೋರಿದ್ದೆಲ್ಲಾ ಬಿಸಿ. ಅರ್ಧ ವ್ಯಾಟ್, ಮುಕ್ಕಾಲು ವ್ಯಾಟ್ ಏನು ಮಹಾ ಅನ್ಸಬಹುದು, ಆದ್ರೆ ಸೆಕೇಲಿ ಕಾದಿರೋ ಶೀಟ್ ಕ್ಯಾಬಿನ್ನು, ಟಾರ್ಚ್ ಮೇಲೆ ಕಾಕಾನ ಮಡಿಸಿಟ್ಟ ಸ್ವೆಟರು, ಬಿಸಿ ಹೋಗೋಕೆ ದಾರಿ ಎಲ್ಲಿ? ಬಿಸಿ ಏರಿದಷ್ಟೂ ಸೋರಿಕೆ ಜಾಸ್ತಿ, ಸೋರಿಕೆ ಜಾಸ್ತಿ ಆದಷ್ಟೂ ಬಿಸಿ.

90 ಡಿಗ್ರಿ ಹತ್ರ ಹೋದ್ರೆ ಮೈನಸ್ ಹಾಳೆ ಮೇಲಿನ ರಕ್ಷಣಾ ಪದರ ಒಡೆದು ಹೋಗೋಕೆ ಹತ್ತುತ್ತೆ, ಆ ಒಡೆಯೋ ರಾಸಾಯನಿಕ ಕ್ರಿಯೇನೇ ಬಿಸಿ ಹುಟ್ಟಿಸುತ್ತೆ. 130ಕ್ಕೆ ಪರದೆ ಕರಗುತ್ತೆ. 200ರ ಆಸುಪಾಸಲ್ಲಿ ಪ್ಲಸ್ ಕಡೆ ವಸ್ತು ತಾನೇ ಆಮ್ಲಜನಕ ಬಿಡುತ್ತೆ, ಅಲ್ಲಿಗೆ ಬಂದ್ರೆ ಹೊರಗಿನ ಗಾಳೀನೂ ಬೇಡ, ಉರಿಯೋದನ್ನ ಯಾರೂ ತಡೆಯಕ್ಕಾಗಲ್ಲ. ನಮ್ದು ಗ್ಯಾಸ್ ಬಿಟ್ಟು ನಿಂತಿದ್ದರಿಂದ ಆ ಕೊನೇ ಹಂತಕ್ಕೆ ಹೋಗ್ಲಿಲ್ಲ. ಒಂದು 2500 ಎಂಎಎಚ್ ಸೆಲ್ಲಲ್ಲಿ ತುಂಬಿರೋ ವಿದ್ಯುತ್ತು ಬೈಟು ಕಾಫಿ ಲೋಟದಷ್ಟು ನೀರನ್ನ ತಣ್ಣಗಿಂದ ಕುದಿಯೋ ತನಕ ಕಾಯಿಸುತ್ತೆ, ಉರಿಯೋ ದ್ರವದ ಶಾಖ ಅದರ ಮೇಲೆ ಬೇರೆ. ಅದೆಲ್ಲಾ ಕೆಲವು ಸೆಕೆಂಡಲ್ಲಿ ಒಂದು ಹೆಬ್ಬೆಟ್ಟು ಗಾತ್ರದ ಡಬ್ಬಿಯಿಂದ ಆಚೆ ಬಂದ್ರೆ ಏನಾಗುತ್ತೆ ಯೋಚ್ನೆ ಮಾಡಿ.

ಅದೂ ಟಾರ್ಚಲ್ಲಿ. ಪವರ್ ಬ್ಯಾಂಕ್ ಪ್ಲಾಸ್ಟಿಕ್ಕು, ಉಬ್ಬಿದ್ರೆ ಕಣ್ಣಿಗೆ ಕಾಣುತ್ತೆ, ಬಿರುಕು ಬಿಟ್ಟು ಗ್ಯಾಸ್ ಹೋಗುತ್ತೆ. ಟಾರ್ಚ್ ಅಂದ್ರೆ ದಪ್ಪ ಲೋಹದ ಕೊಳವೆ, ಮಳೆ ನೀರು ಹೋಗಬಾರ್ದು ಅಂತ ಎರಡೂ ಕಡೆ ರಬ್ಬರ್ ರಿಂಗ್ ಹಾಕಿ ಬಿಗಿ ಮಾಡಿರೋದು. ಒಳಗಿನ ಗ್ಯಾಸಿಗೆ ದಾರಿ ಇಲ್ಲ. ನಮ್ ಟಾರ್ಚಿನ ಬಟನ್ ರಬ್ಬರು ಹಳೇದಾಗಿ ಪಿಸುಕಿ ಹೋಗಿತ್ತು, ಬದಲಾಯಿಸಿ ಅಂತ ಕಾಕಾ ಎರಡು ಸಲ ಕೇಳಿದ್ರಂತೆ, ಯಾರೂ ಬದಲಾಯಿಸಿರ್ಲಿಲ್ಲ. ಅದೇ ಮೊದ್ಲು ಕಿತ್ಕೊಂಡು ಗ್ಯಾಸಿಗೆ ದಾರಿ ಬಿಡ್ತು. ಹೊಸ ರಬ್ಬರ್ ಇದ್ದಿದ್ರೆ ಕೊಳವೇನೇ ಒಡೀತಿತ್ತೇನೋ, ಅದೂ ಅವರ ಕೈಯಲ್ಲಿ. ಇದನ್ನ ನೆನೆಸ್ಕೊಂಡ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ.

ಮುಂದಿನ ಭಾನುವಾರ ಎಲ್ಲರಿಗೂ ಮೆಸೇಜ್ ಹಾಕಿ, ಪಾರ್ಕಿಂಗಲ್ಲಿ ಪ್ಲಾಸ್ಟಿಕ್ ಟೇಬಲ್ ಇಟ್ಕೊಂಡು ಕೂತೆ, ಮನೇಲಿರೋ ಚಾರ್ಜ್ ಟಾರ್ಚ್ ಎಲ್ಲಾ ತನ್ನಿ ಅಂತ. 14 ಬಂದ್ವು. ಹೆಚ್ಚಿನವು ಪರವಾಗಿಲ್ಲ, ಮೂರು ಮಾತ್ರ ನೋಡಿ ಭಯ ಆಯ್ತು. ಒಂದರಲ್ಲಿ ಸೆಲ್ಲಿನ ಹೊದಿಕೆ ಪ್ಲಸ್ ಅಂಚಲ್ಲೇ ಹರಿದಿತ್ತು. ತುಂಬಾ ಜನಕ್ಕೆ ಗೊತ್ತಿಲ್ಲ, ಈ ಸೆಲ್ಲಿನ ತಳ ಮಾತ್ರ ಮೈನಸ್ ಅಲ್ಲ, ಪಕ್ಕದ ಡಬ್ಬಿ ಪೂರ್ತಿ, ಮೇಲೆ ಪ್ಲಸ್ ಟೋಪಿ ಸುತ್ತಲಿನ ಅಂಚಿನ ತನಕ ಮೈನಸ್ಸೇ, ಮಧ್ಯೆ ಇರೋದು ಆ ತೆಳ್ಳನೆ ಪ್ಲಾಸ್ಟಿಕ್ಕೂ ಒಂದು ಕಾಗದದ ಬಿಲ್ಲೇನೂ ಅಷ್ಟೇ. ಇನ್ನೊಂದು ಎರಡು ಸೆಲ್ ಸಾಲಾಗಿ ಹಾಕೋದು, ಒಂದು ಹೊಸದು ಒಂದು ಐದು ವರ್ಷದ್ದು. ಹಳೇದು ಮೊದ್ಲು ಬರಿದಾಗುತ್ತೆ, ಆಮೇಲೆ ಹೊಸದು ಅದನ್ನ ಉಲ್ಟಾ ದಿಕ್ಕಿಗೆ ತಳ್ತಾ ಹೋಗುತ್ತೆ.

ಮೂರನೇದು ಮಾತ್ರ ನಾನು ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ಹಿಂದುಗಡೆ ಎರಡು ಪಿನ್ ಆಚೆ ಬಂದು ನೇರ ಗೋಡೆ ಸಾಕೆಟ್ಟಿಗೆ ಚುಚ್ಚೋ ಪ್ಲಾಸ್ಟಿಕ್ ಟಾರ್ಚು, ಎಲ್ಲಾರ ಮನೇಲೂ ಒಂದಾದ್ರೂ ಇದ್ದೇ ಇರುತ್ತೆ. ಅದರಲ್ಲಿ ಬರೋದು 4 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ. ಅದು ಸತ್ತಾಗ ಯಾರೋ ರಿಪೇರಿಯವರು 3.7 ವೋಲ್ಟಿನ ಲಿಥಿಯಂ ಸೆಲ್ ಕೂರಿಸಿ ಕೊಟ್ಟಿದ್ರು, 4 ಏನು 3.7 ಏನು ಹತ್ರ ಹತ್ರಾನೇ ಅಲ್ವಾ ಅಂತ. ಒಳಗಿನ ಚಾರ್ಜರ್ ಅಂದ್ರೆ ಒಂದು ಕಂದು ಬಣ್ಣದ ಕೆಪಾಸಿಟರು, 105 ಅಂತ ಬರೆದಿರೋದು, ಜೊತೆಗೆ ನಾಲ್ಕು ಡಯೋಡು. 230 ವೋಲ್ಟ್ ಲೈನಿಂದ ಸುಮಾರು 70 ಮಿಲಿ ಆಂಪಿಯರ್ ಬಿಡ್ತಾನೇ ಇರುತ್ತೆ, ತುಂಬ್ತು ನಿಲ್ಲಿಸು ಅನ್ನೋ ಮಾತೇ ಅದಕ್ಕೆ ಗೊತ್ತಿಲ್ಲ. ಲೆಡ್ ಆಸಿಡ್ ಹೆಂಗೋ ತಡ್ಕೊಳುತ್ತೆ, ಲಿಥಿಯಂ ತಡ್ಕೊಳಲ್ಲ. ಆಂಟಿ ಅದನ್ನ ಕರೆಂಟ್ ಹೋದಾಗ ಬೇಕು ಅಂತ ಯಾವಾಗ್ಲೂ ಸಾಕೆಟ್ಟಲ್ಲೇ ಬಿಟ್ಟಿರ್ತಿದ್ರು, ಮೊಮ್ಮಗು ಮಲಗೋ ರೂಮಲ್ಲಿ. ಮೀಟರ್ ಇಟ್ರೆ 4.41 ವೋಲ್ಟ್. ನಾನು ಮಾತಾಡ್ದೆ ವೈರ್ ಒಂದೊಂದಾಗಿ ಬಿಡಿಸಿ, ಟೇಪ್ ಸುತ್ತಿ, ಟೇಬಲ್ಲಿಂದ ದೂರ ಒಂದು ಹೂಕುಂಡದಲ್ಲಿ ಇಟ್ಟು ಬಂದೆ. "ಅಷ್ಟೊಂದು ಅಪಾಯಾನಾ ಕಣಪ್ಪಾ ಇದು?" ಅಂತ ಆಂಟಿ ಕೇಳಿದ್ರು, ಹೌದು ಅಂದೆ.

ಕಾಕಾಗೆ ಹೊಸ ಟಾರ್ಚ್ ಕೊಡಿಸೋ ವಿಷಯದಲ್ಲಿ ಕಮಿಟೀಲಿ ಸ್ವಲ್ಪ ಮಾತುಕತೆ ಆಯ್ತು. ಒಳ್ಳೇ ಸೆಲ್ಲು, ಐಎಸ್ 16046 ಅನ್ನೋ ಸುರಕ್ಷತಾ ಮಾನದಂಡ ನಮೂದಿಸಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗೋ ನಂಬರ್ ಇರೋದು, ತಳದಲ್ಲಿ ಪ್ರೊಟೆಕ್ಷನ್ ಬೋರ್ಡ್ ಇರೋದು ತಂದ್ರೆ ಸಾಕು ಅಂದ್ರು ಕೆಲವರು. ಅಂಥ ಸೆಲ್ಲು ನಾಲ್ಕೈದು ಮಿಲಿಮೀಟರ್ ಉದ್ದ ಜಾಸ್ತಿ, ಎಷ್ಟೋ ಟಾರ್ಚಲ್ಲಿ ಕೂರೋದೇ ಇಲ್ಲ, ಅದೊಂದು. ಇನ್ನೊಂದು, ನನ್ನ ಟೇಬಲ್ ಮೇಲೆ ಇರೋ ಸೆಲ್ಲನ್ನ ನಾನು ತಿಂಗಳಿಗೊಮ್ಮೆ ಅಳೀತೀನಿ, ಪೂರ್ತಿ ಚಾರ್ಜ್ ಮಾಡಿ ಒಂದು ವಾರ ಇಟ್ಟು 4.1ಕ್ಕಿಂತ ಕೆಳಗೆ ಬಂದಿದ್ರೆ ಎತ್ತಿ ಇಡ್ತೀನಿ, ಕರೆಂಟಿಗೆ ಸೆಲ್ಲೇ ಒಡ್ಡೋ ಒಳಗಿನ ತಡೆ 150 ಮಿಲಿ ಓಮ್ ದಾಟಿದ್ರೆ ಟಾರ್ಚಿಗೆ ಹಾಕಲ್ಲ, ಯಾಕಂದ್ರೆ 2 ಆಂಪಿಯರ್ ಎಳೆಯೋವಾಗ 50 ಮಿಲಿ ಓಮ್ ಸೆಲ್ಲಲ್ಲಿ 0.2 ವ್ಯಾಟ್ ಹುಟ್ಟಿದ್ರೆ 250ರದ್ದರಲ್ಲಿ 1 ವ್ಯಾಟ್ ಬಿಸಿ ಒಳಗೇ ಹುಟ್ಟುತ್ತೆ. ರಾತ್ರಿ ಹನ್ನೆರಡು ತಾಸು ಡ್ಯೂಟಿ ಮಾಡೋ ಕಾಕಾ ಇದನ್ನೆಲ್ಲಾ ಅಳೀತಾ ಕೂರಬೇಕು ಅನ್ನೋದು ಅನ್ಯಾಯ. ಕೊನೆಗೆ ಎಎ ಸೈಜಿನ, ಲಿಥಿಯಂ ಅಲ್ಲದ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕೋ ಟಾರ್ಚು, ಎರಡು ಜೊತೆ ಸೆಲ್ಲು, ಒಂದು ಚಾರ್ಜರ್ ತಂದ್ವಿ. ಬೆಳಕು ಸ್ವಲ್ಪ ಕಮ್ಮಿ, ಗೇಟಿಂದ ಹಿಂದಿನ ಕಾಂಪೌಂಡ್ ತನಕ ಸಾಕಾಗುತ್ತೆ.

ಕೆಟ್ಟ ಸೆಲ್ಲುಗಳನ್ನ ಒಣ ಕಸದ ಚೀಲಕ್ಕೆ ಹಾಕೋಕೆ ನಾನು ಬಿಡ್ಲಿಲ್ಲ. ಕಸದ ಗಾಡೀಲಿ ಒತ್ತಿದಾಗ ಹತ್ಕೊಂಡ್ರೆ ಮೊದ್ಲು ಸುಡೋದು ಪೌರಕಾರ್ಮಿಕರ ಕೈ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ತಗೊಳೋ ಹೊಣೆ ತಯಾರಕರದ್ದು, ಆದ್ರೆ ಹೆಸರೇ ಇಲ್ಲದ ನೇರಳೆ ಸೆಲ್ಲಿಗೆ ತಯಾರಕರು ಯಾರು ಅಂತ ಹುಡುಕೋದು? ಎರಡೂ ತುದಿಗೆ ಟೇಪ್ ಹಚ್ಚಿ, ಬಿಸ್ಕೆಟ್ ಟಿನ್ನಲ್ಲಿ ಮರಳು ತುಂಬಿ ಅದರಲ್ಲಿ ಹೂತು, ಟೆರೇಸಲ್ಲಿ ನೆರಳಿರೋ ಮೂಲೇಲಿ ಇಟ್ಟಿದ್ದೆ, ಆಮೇಲೆ ಇ-ವೇಸ್ಟ್ ತಗೊಳೋರಿಗೆ ಕೈಯಲ್ಲೇ ಕೊಟ್ಟು, ಇದರಲ್ಲಿ ಒಂದು ಗ್ಯಾಸ್ ಬಿಟ್ಟಿರೋದು, ಮೀಟರಲ್ಲಿ ಸೊನ್ನೆ ತೋರ್ಸಿದ್ರೂ ನಂಬಬೇಡಿ ಅಂತ ಬಾಯಲ್ಲೂ ಹೇಳಿ, ಟಿನ್ ಮೇಲೆ ಚೀಟಿ ಬರೆದೂ ಅಂಟಿಸಿದೆ.

ಕಾಕಾನ ಬೆರಳು ವಾಸಿ ಆಗಿದೆ, ತೋರುಬೆರಳ ಮೇಲೆ ಒಂದು ಬಿಳೀ ಕಲೆ ಉಳ್ಕೊಂಡಿದೆ. ಮೊನ್ನೆ ರಾತ್ರಿ ಗೇಟಲ್ಲಿ ನಿಲ್ಲಿಸಿ ಹೊಸ ಚಾರ್ಜರ್ ಕೈಗೆ ಕೊಟ್ಟು, "ಇದು ಈಟು ಬೆಚ್ಚಗ ಆಕ್ಕೈತ್ರಿ ಸರ, ನೋಡ್ರಿ" ಅಂದ್ರು. ಈ ಸಲ ಲಿಫ್ಟ್ ಕಡೆ ಹೋಗ್ಲಿಲ್ಲ. ಕ್ಯಾಬಿನ್ ಒಳಗೆ ಸ್ಟೂಲ್ ಎಳ್ಕೊಂಡು ಕೂತು, ಎಲ್ಲಿ ಬೆಚ್ಚಗಾಗುತ್ತೆ, ಎಷ್ಟೊತ್ತಿಗೆ ಆಗುತ್ತೆ, ಹಸಿರು ಬಂದ ಮೇಲೆ ತಣ್ಣಗಾಗುತ್ತಾ ಅಂತ ಕೇಳ್ದೆ, ಇಬ್ರೂ ಅಂಗೈ ಇಟ್ಟು ನೋಡ್ತಾ ಹಸಿರು ಬರೋ ತನಕ ಕೂತಿದ್ವಿ. ಬಂತು, ಹತ್ತು ನಿಮಿಷಕ್ಕೆ ತಣ್ಣಗೂ ಆಯ್ತು. ಮೂರನೇ ಮಹಡಿ ಕೊನೇ ಮನೆಯವರು ಇನ್ನೂ ಅವರ ಟಾರ್ಚ್ ತೋರ್ಸಿಲ್ಲ, ಭಾನುವಾರ ನಾನೇ ಹೋಗಿ ಇಸ್ಕೊಂಡು ಬರ್ತೀನಿ.